ಐದು ಸಾವಿರದ ಒಳಗಿನ ಕಳವು

2024ರ ಜುಲೈ 1ಕ್ಕೆ ಬ್ರಿಟಿಷರ ಕಾನೂನು ತೀರಿಕೊಂಡಿತು. 1860ರ ದಂಡ ಸಂಹಿತೆ ಎದ್ದ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದು ಕೂತಿತು. ಕೊಲೆಯ 302 ಈಗ 103. ಮೋಸದ 420 ಈಗ 318. ಊರಲ್ಲಿ ಐದು ಮಂದಿ ಕೂಡಬಾರದೆಂದು ಹೊರಡುತ್ತಿದ್ದ ದಂಡ ಪ್ರಕ್ರಿಯಾ ಸಂಹಿತೆಯ 144 ಈಗ ನಾಗರಿಕ ಸುರಕ್ಷಾ ಸಂಹಿತೆಯ 163. ಕೂಡುವಂತಿಲ್ಲ ಎಂಬುದು ಮಾತ್ರ ಹಾಗೇ ಇದೆ.

ಇರಲಿ, ಕಲಘಟಗಿ ಕಡೆಯ ಒಬ್ಬ ರೈತನ ಬೋರ್‌ವೆಲ್ ಕೇಬಲ್ಲನ್ನು ಯಾರೋ ರಾತ್ರಿ ಕೊಯ್ದುಕೊಂಡು ಹೋದರು ಎನ್ನಿ. ಬೆಳಗಾದರೆ ಆತ ಠಾಣೆಯಲ್ಲಿ ರೈಟರ್ ಮುಂದೆ ನಿಂತಿರುತ್ತಾನೆ.

"ಎಷ್ಟರ ಮಾಲ್ರಿ ಯಜಮಾನ್ರ?"

"ತರೂವಾಗ ಎಂಟು ಸಾವಿರ ಕೊಟ್ಟೇನ್ರಿ ಸಾಹೇಬ್ರ."

"ತಂದು ಎಷ್ಟ ವರ್ಷ ಆತು?"

"ನಾಕ್ ವರ್ಷ ಆತ್ರಿ."

"ಹಂಗಾರ ಈಗ ಅದರ ಬೆಲಿ ನಾಕ್ ಸಾವಿರದಾ ಎಂಟನೂರು."

ಸವಕಳಿ ತೆಗೆಯುವುದರಲ್ಲಿ ರೈಟರುಗಳು ಚಾರ್ಟರ್ಡ್ ಅಕೌಂಟೆಂಟುಗಳ ಕಿವಿ ಹಿಂಡಬಲ್ಲರು. ಯಾಕೆ ಈ ಲೆಕ್ಕ ಅಂತೀರಾ? ಹೊಸ ಕಾನೂನಿನಲ್ಲಿ ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಕಳವು ಎನ್‌ಸಿ, ಅಂದರೆ ಅಸಂಜ್ಞೇಯ. ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆಗೆ ಕೈ ಹಾಕುವಂತಿಲ್ಲ. ಪುಸ್ತಕದಲ್ಲಿ ಒಂದು ಸಾಲು ಬರೆದು, ರೈತನಿಗೆ ಕೋರ್ಟಿನ ದಾರಿ ತೋರಿಸಿದರೆ ಠಾಣೆಯ ಕೆಲಸ ಮುಗಿಯಿತು. ಬಸ್ ಚಾರ್ಜು, ವಕೀಲರ ಫೀ, ಬಿಟ್ಟ ಹೊಲದ ಕೆಲಸ ಎಲ್ಲ ಕೂಡಿಸಿದರೆ ಇನ್ನೊಂದು ಕೇಬಲ್ ಬರುತ್ತದೆ. ಬ್ರಿಟಿಷರ ಕಾಲದ ಕಾನೂನಿನಲ್ಲಿ ಕಳವು ಎಂದರೆ ಕಳವೇ ಆಗಿತ್ತು, ಬೆಲೆಯ ಗೆರೆ ಇರಲಿಲ್ಲ.

ಕಳ್ಳನ ವಿಷಯದಲ್ಲಿ ಸಂಹಿತೆ ಹೆಚ್ಚು ಕರುಣಾಳು. ಮೊದಲ ಸಲ ಶಿಕ್ಷೆಗೆ ಒಳಗಾದವನು, ಮಾಲು ವಾಪಸು ಕೊಟ್ಟವನು ಆದರೆ ಸಮುದಾಯ ಸೇವೆ ಸಾಕು. ಸೇವೆಗೆ ನಮ್ಮಲ್ಲಿ ಜಾಗಕ್ಕೇನು ಬರ? ಬೆಣ್ಣೆಹಳ್ಳದ ಹೂಳೇ ಇದೆ. ಆದರೆ ಅಲ್ಲಿ ಹೂಳೆತ್ತದೆ ಬಿಲ್ ಎತ್ತಿದವರು ಯಾರಾದರೂ ಇದ್ದರೆ ಅವರ ಹೊಟ್ಟೆಯ ಮೇಲೆ ಕಾಲಿಟ್ಟಂತಾಗುತ್ತದೆ, ಅದೂ ಪುಕ್ಕಟೆ ಕೂಲಿಯಲ್ಲಿ.

ಬೆಲೆ ಐದು ಸಾವಿರ ದಾಟಿತೋ, ಇನ್ನೊಂದು ಕಲಮು ಕಾದಿದೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ ಡಿವೈಎಸ್‌ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ಮಾಡಬಹುದು. "ನೋಡೂಣು, ಹೋಗಿಬರ್ರಿ" ಎಂಬ ನಮ್ಮ ಠಾಣೆಗಳ ಹಳೆಯ ಸಂಪ್ರದಾಯಕ್ಕೆ ಸಂಸತ್ತು ಕೊನೆಗೂ ಒಂದು ನಂಬರು ಕೊಟ್ಟಿದೆ.

ಕಾನೂನು ಬರೆದು ಬರೆದು ಸುಸ್ತಾದವರು ನಾವೊಬ್ಬರೇ ಅಲ್ಲ. ವಿಚಾರಣೆ ಇಲ್ಲದೆ ಯಾರಿಗೂ ಮರಣದಂಡನೆ ಇಲ್ಲವೆಂದು ಇಸ್ತಾಂಬುಲಿನ ಸುಲ್ತಾನ ಅಬ್ದುಲ್ ಮಜೀದ್ 1839ರಲ್ಲಿ ಸಾರಿದ. ಆಮೇಲೆ ಅಲ್ಲಿ 1840, 1851, 1858 ಎಂದು ಮೂರು ದಂಡ ಸಂಹಿತೆ ಬಂದವು. ಇತ್ತ ಮೆಕಾಲೆ 1837ರಲ್ಲೇ ಮುಗಿಸಿಟ್ಟ ದಂಡ ಸಂಹಿತೆಯ ಕರಡನ್ನು ನಮ್ಮ ಮೇಲೆ ಹೇರಲು ಕಂಪನಿಗೂ ರಾಣಿಗೂ ಸೇರಿ ಇಪ್ಪತ್ತಮೂರು ವರ್ಷ ಬೇಕಾಯಿತು.

ಹೊಸ ಕಾನೂನಿನ ಹೆಮ್ಮೆಯ ಬಾಬತ್ತು ಕ್ಯಾಮೆರಾ. ಶೋಧ, ಜಪ್ತಿ ಎಲ್ಲಕ್ಕೂ ವಿಡಿಯೊ ಕಡ್ಡಾಯ. ನವಲಗುಂದ ತಾಲ್ಲೂಕು ಇದರಲ್ಲಿ ದೇಶಕ್ಕಿಂತ ಎಂಟು ವರ್ಷ ಮುಂದಿತ್ತು. 2016ರ ಜುಲೈನಲ್ಲಿ, ಮಹದಾಯಿ ನೀರಿನ ಗಲಾಟೆಯ ಹೊತ್ತು, ಯಮನೂರಿನಲ್ಲಿ ಹೆಂಗಸರು ಮುದುಕರು ಎನ್ನದೆ ಪೊಲೀಸರು ಬಡಿದದ್ದನ್ನು ನಾಡೇ ಟಿವಿಯಲ್ಲಿ ನೋಡಿತು. ಲಾಠಿ ಬೀಸುವಾಗ ವಿಡಿಯೊ ಕಡ್ಡಾಯ ಎಂಬ ಕಲಮು ಹೊಸ ಸಂಹಿತೆಯಲ್ಲೂ ಇಲ್ಲ. 1980ರ ಜುಲೈ 21ರಂದು ಇದೇ ನವಲಗುಂದದಲ್ಲಿ ಪೊಲೀಸರ ಗುಂಡಿಗೆ ಬಿದ್ದ ರೈತನ ವೀರಗಲ್ಲಿಗೆ ಪ್ರತಿವರ್ಷ ಎಲ್ಲ ಪಕ್ಷದವರೂ ಹಾರ ಹಾಕುತ್ತಾರೆ. ಬಂದೋಬಸ್ತು ಪೊಲೀಸರದೇ.

ಅಂದಹಾಗೆ ರೈತಬಾಂಧವರೇ, ಕೇಬಲ್ ಕೊಂಡ ರಸೀದಿ ಒಗೆಯಬೇಡಿ. ಬೆಲೆ ಹೇಳುವಾಗ ಗಟ್ಟಿಯಾಗಿ ಹೇಳಿ. ಎಫ್‌ಐಆರ್ ಆದರೆ ಅದರ ಪ್ರತಿ ಪುಕ್ಕಟೆ, ಕೇಳಿ ಇಸಿದುಕೊಂಡೇ ಬಸ್ ಹತ್ತಿ.