ಜಿಬಿಗಳ ಜಾತಕ

ಪಕ್ಕದ ಮನೆಯ ರಾಯರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ, ಸಾಲದ ಅರ್ಜಿಗಳನ್ನು ಜಾಲಾಡುತ್ತಿದ್ದ ಚಟವನ್ನು ಮೊಬೈಲು ಫೋನುಗಳ ಕಡೆಗೆ ತಿರುಗಿಸಿದ್ದಾರೆ. ಬೆಳಿಗ್ಗೆ ನಾನು ಗಿಡಕ್ಕೆ ನೀರು ಬಿಡುವ ಹೊತ್ತಿಗೆ ಸರಿಯಾಗಿ ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಲ್ಲುತ್ತಾರೆ. ಅವರ ಬಾಯಲ್ಲಿ ಫೋನಿನ ಹೆಸರು ಬರುವುದೇ ಅಪರೂಪ, ಬರೀ ಅಂಕಿ.

"ಹನ್ನೆರಡು ಜಿಬಿ ರ್‍ಯಾಮು, ನೂರೆಂಟು ಮೆಗಾಪಿಕ್ಸೆಲ್ಲು, ಐದು ಸಾವಿರ ಎಂಎಎಚ್ ಬ್ಯಾಟರಿ. ಇಪ್ಪತ್ತು ಸಾವಿರ ಅಷ್ಟೇ ಸ್ವಾಮಿ! ನಿಮ್ಮ ಮಗಳ ಹತ್ರ ಇದೆಯಲ್ಲ ಐಫೋನ್ ಹದಿಮೂರು, ಅದರಲ್ಲಿ ಇದರ ಅರ್ಧ ರ್‍ಯಾಮೂ ಇಲ್ಲ. ಕೊಟ್ಟ ದುಡ್ಡು ನೋಡಿದ್ರೆ ಎರಡು ಮೂರು ಪಟ್ಟು. ಏನಂತೀರಿ?"

ನೂರೆಂಟು ಎಂದ ಕೂಡಲೇ ನಮ್ಮ ಜನಕ್ಕೆ ಭಕ್ತಿ ಉಕ್ಕುತ್ತದೆ. ಆ ನೂರೆಂಟರ ಗುಟ್ಟು ಹೇಳಿದರೆ ಮಾತ್ರ ರಾಯರ ಮುಖ ಸಪ್ಪಗಾಗುತ್ತದೆ. ಸೆನ್ಸರಿನಲ್ಲಿ 108 ಮೆಗಾಪಿಕ್ಸೆಲ್ ಇರುವುದು ನಿಜವೇ. ಆದರೆ ಮಾಮೂಲಾಗಿ ಫೋಟೊ ತೆಗೆದಾಗ ಫೋನು ಅಕ್ಕಪಕ್ಕದ ಒಂಬತ್ತು ಪಿಕ್ಸೆಲ್‌ಗಳನ್ನು ಸೇರಿಸಿ ಒಂದು ಮಾಡುತ್ತದೆ. ಕೊನೆಗೆ ನಮ್ಮ ಕೈಗೆ ಬರುವುದು 12 ಮೆಗಾಪಿಕ್ಸೆಲ್ಲಿನ ಚಿತ್ರ. 200 ಎಂದು ಬರೆದುಕೊಂಡ ಫೋನುಗಳಲ್ಲಿ ಸಾಮಾನ್ಯವಾಗಿ ಹದಿನಾರನ್ನು ಸೇರಿಸುತ್ತಾರೆ, ಅಲ್ಲೂ ಹನ್ನೆರಡೂವರೆ. ಆ್ಯಪಲ್‌ನವರು 2015ರ 6ಎಸ್‌ನಿಂದ 2022ರ ಐಫೋನ್ 14ರವರೆಗೂ ಮುಖ್ಯ ಕ್ಯಾಮೆರಾವನ್ನು ಹನ್ನೆರಡರಲ್ಲೇ ಇಟ್ಟುಕೊಂಡಿದ್ದರು (14 ಪ್ರೊ ಮಾತ್ರ 48ಕ್ಕೆ ಏರಿತು). ಗೂಗಲ್‌ನ ಪಿಕ್ಸೆಲ್ ಫೋನುಗಳೂ 2020ರ ತನಕ ಆ ಸಂಖ್ಯೆಯ ಆಸುಪಾಸಿನಲ್ಲೇ ಇದ್ದು ಫೋಟೊಗೆ ಹೆಸರು ಮಾಡಿದವು. ಒಂದು ಸಲ ಒತ್ತಿದರೆ ಹಲವು ಚಿತ್ರ ತೆಗೆದು, ಒಂದರ ಬೆಳಕನ್ನು ಇನ್ನೊಂದಕ್ಕೆ ಹೊಂದಿಸಿ ಹೆಣೆಯುವ ಸಾಫ್ಟ್‌ವೇರು ಅದರ ಹಿಂದಿತ್ತು. ಅದನ್ನು ಡಬ್ಬದ ಮೇಲೆ ಯಾವ ಅಂಕಿಯಲ್ಲಿ ಬರೆಯುತ್ತೀರಿ?

ರಾಯರು ಸುಮ್ಮನಾಗುವ ಆಸಾಮಿಯಲ್ಲ. "2014 ಮರೆತ್ರಾ?" ಎಂದರು. ಮರೆಯುವುದುಂಟೇ! ಆ ಜುಲೈನಲ್ಲಿ ಶಿಯೋಮಿ ತನ್ನ ಎಂಐ 3 ಫೋನನ್ನು 13,999 ರೂಪಾಯಿಗೆ ನಮ್ಮ ದೇಶಕ್ಕೆ ತಂದಿತು. ಒಳಗಿದ್ದದ್ದು ಸ್ನ್ಯಾಪ್‌ಡ್ರ್ಯಾಗನ್ 800. ಅದೇ ಪ್ರೊಸೆಸರಿನ ನೆಕ್ಸಸ್ 5 ಹಿಂದಿನ ವರ್ಷ ಬಂದಾಗ 28,999 ಇತ್ತು. ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟ ಎಂಐ 3 ಫೋನುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ. ದೊಡ್ಡ ಕಂಪನಿಗಳು ಬೆಲೆ ಇಳಿಸಲು ಕಲಿತದ್ದು ಇಂಥ ಅಂಕಿಗಳ ಹೊಡೆತಕ್ಕೇ. ಇಷ್ಟನ್ನು ರಾಯರಿಗೆ ಬಿಟ್ಟುಕೊಡುತ್ತೇನೆ. ಹಾಗೆಂದು ಶಿಯೋಮಿಯವರು ಧರ್ಮಕ್ಕೆ ಕೊಟ್ಟರು ಅಂದುಕೊಳ್ಳಬೇಡಿ. ಹಾರ್ಡ್‌ವೇರಿನಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ನಿವ್ವಳ ಲಾಭ ಇಟ್ಟುಕೊಳ್ಳುವುದಿಲ್ಲವೆಂದು ಅದೇ ಕಂಪನಿ 2018ರಲ್ಲಿ ಘೋಷಿಸಿತು. ಉಳಿದದ್ದಕ್ಕೆ ಇಂಟರ್ನೆಟ್ ಸೇವೆ, ಜಾಹೀರಾತು ಎಲ್ಲ ಇದ್ದೇ ಇವೆ.

ನಾನೂ ಒಂದು ಎಸೆದೆ. ಅದೇ 2014ರ ಫೆಬ್ರುವರಿಯಲ್ಲಿ ಬಂದ ಮೋಟೊ ಜಿ, 12,499. ಒಂದೇ ಜಿಬಿ ರ್‍ಯಾಮು, ಐದು ಮೆಗಾಪಿಕ್ಸೆಲ್ಲು. ನಮ್ಮ ದೇಶದ ಕಂಪನಿಗಳು ಎಂಟು ಕೋರ್ ಎಂದು ಡಂಗುರ ಹೊಡೆಯುತ್ತಿದ್ದ ಕಾಲ ಅದು. ಆದರೂ ಜನ ಈ ನಾಲ್ಕು ಕೋರಿನದಕ್ಕೇ ಮುಗಿಬಿದ್ದರು, ಯಾಕೆಂದರೆ ಅದು ತಡವರಿಸುತ್ತಿರಲಿಲ್ಲ.

"ಹಾಗಾದ್ರೆ ಲೂಮಿಯಾ?" ರಾಯರು ಬಿಟ್ಟ ಬಾಣ ಇದು, ಸರಿಯಾಗಿಯೇ ನಾಟಿತು. 2013ರ ವಿಂಡೋಸ್ ಫೋನು ಲೂಮಿಯಾ 520ರಲ್ಲಿ ಇದ್ದದ್ದು ಬರೀ 512 ಎಂಬಿ ರ್‍ಯಾಮು. ಬೆರಳು ಇಟ್ಟರೆ ಬೆಣ್ಣೆ. ಆದರೆ ವಿಂಡೋಸ್ ಫೋನಿಗೆ ಬೇಕಾದಷ್ಟು ಆ್ಯಪ್‌ಗಳೇ ಬರಲಿಲ್ಲ, 2019ರ ಡಿಸೆಂಬರ್ 31ಕ್ಕೆ ವಾಟ್ಸ್‌ಆ್ಯಪ್ ಕೂಡ ಕೈಬಿಟ್ಟಿತು. ನುಣ್ಣಗೆ ಓಡುವುದೊಂದೇ ಅನುಭವವಾದರೆ ಲೂಮಿಯಾ ಇವತ್ತಿಗೂ ಎಲ್ಲರ ಜೇಬಿನಲ್ಲಿರಬೇಕಿತ್ತು.

ಅನುಭವವನ್ನು ಮಾರುವವರೂ ಸಾಚಾಗಳಲ್ಲ ಬಿಡಿ. ಹಳೆಯ ಬ್ಯಾಟರಿಯ ಐಫೋನುಗಳನ್ನು ಅಪ್‌ಡೇಟಿನ ಮೂಲಕ ನಿಧಾನ ಮಾಡಿದ್ದನ್ನು ಆ್ಯಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಫೋನು ಇದ್ದಕ್ಕಿದ್ದಂತೆ ಆಫ್ ಆಗದಿರಲಿ ಎಂದು ಹಾಗೆ ಮಾಡಿದೆವು ಎಂಬ ಸಮಜಾಯಿಷಿ ಬೇರೆ. ಬಳಸುವವರಿಗೆ ಮೊದಲೇ ಹೇಳಿರಲಿಲ್ಲ ಎಂಬುದೇ ತಕರಾರು. ಅಮೆರಿಕದ ಮೊಕದ್ದಮೆಯಲ್ಲಿ 50 ಕೋಟಿ ಡಾಲರ್ ವರೆಗೆ ಕೊಡಲು 2020ರಲ್ಲಿ ರಾಜಿಯಾಯಿತು.

ಇಷ್ಟಾದರೂ ನನ್ನ ಪಟ್ಟು ಸಡಿಲವಾಗುವುದಿಲ್ಲ. ಸ್ಪೆಕ್ಸ್ ಪಟ್ಟಿ ಎಂಬುದು ಮದುವೆಗೆ ಮೊದಲು ನೋಡುವ ಜಾತಕ. ಮೂವತ್ತಾರಕ್ಕೆ ಮೂವತ್ತೆರಡು ಗುಣ ಕೂಡಿಬಂದರೂ ಗಂಡು ಗೊರಕೆ ಹೊಡೆಯುತ್ತಾನೋ ಇಲ್ಲವೋ ಅದರಲ್ಲಿ ಇರುವುದಿಲ್ಲ. 128 ಜಿಬಿ ಸ್ಟೋರೇಜು ಎಂದು ದಪ್ಪಕ್ಷರದಲ್ಲಿ ಹಾಕುತ್ತಾರೆ. ಅದು ಹಳೆಯ ನಿಧಾನದ ಇಎಂಎಂಸಿಯೋ, ಚುರುಕಾದ ಯುಎಫ್ಎಸ್ಸೋ ಎಂಬುದನ್ನು ಹುಡುಕಲು ಭೂತಗನ್ನಡಿ ಬೇಕು. ವರ್ಷದ ಮೇಲೆ ಫೋನು ಹ್ಯಾಂಗ್ ಆಗುವುದಕ್ಕೆ ಇದೂ ಒಂದು ಕಾರಣ. "ಎಂಟು ಪ್ಲಸ್ ಎಂಟು ರ್‍ಯಾಮು" ಎನ್ನುವುದರಲ್ಲಿ ಎರಡನೆಯ ಎಂಟು ರ್‍ಯಾಮೇ ಅಲ್ಲ, ಅದೇ ಸ್ಟೋರೇಜಿನಿಂದ ಕಡ ತಂದದ್ದು. ಬ್ಯಾಂಕಿನಲ್ಲಿದ್ದವರಿಗೆ ಕಡದ ಲೆಕ್ಕ ನಾನು ಹೇಳಿಕೊಡಬೇಕೇ?

ವೇಗದ ಅಂಕದ ಕತೆಯೂ ಅಷ್ಟೇ. ಫೋನುಗಳ ವೇಗಕ್ಕೆ ಅಂಕ ಕೊಡುವ ಗೀಕ್‌ಬೆಂಚ್‌ನವರು 2021ರಲ್ಲಿ ಒನ್‌ಪ್ಲಸ್ 9 ಫೋನುಗಳನ್ನು, 2022ರಲ್ಲಿ ಸ್ಯಾಮ್ಸಂಗ್‌ನ ಎಸ್10ರಿಂದ ಎಸ್22ರವರೆಗಿನ ಸರಣಿಗಳನ್ನು ತಮ್ಮ ಪಟ್ಟಿಯಿಂದಲೇ ತೆಗೆದುಹಾಕಿದರು. ಪರೀಕ್ಷೆಯ ಆ್ಯಪ್ ಓಡುವಾಗ ಪೂರ್ತಿ ವೇಗ, ನಾವು ನೀವು ಬಳಸುವ ಎಷ್ಟೋ ಆ್ಯಪ್‌ಗಳಿಗೆ ಕಡಿವಾಣ ಎಂಬುದು ಆಕ್ಷೇಪ. ಇನ್ನು ಕನ್ನಡದವರ ಪಾಡು. 2012ರಲ್ಲಿ ಆಂಡ್ರಾಯ್ಡ್ 4.1 ಬಂದು ಕನ್ನಡವನ್ನು ಸೇರಿಸಿಕೊಳ್ಳುವ ತನಕ ಎಷ್ಟೋ ದುಬಾರಿ ಫೋನುಗಳಲ್ಲಿ ನಮ್ಮ ಅಕ್ಷರವೆಲ್ಲ ಬರೀ ಚೌಕ ಚೌಕ. ಎಷ್ಟು ಗಿಗಾಹರ್ಟ್ಸ್ ಇದ್ದು ಏನು ಬಂತು? ತಂಗಿ ಕಳಿಸಿದ ಹಬ್ಬದ ಶುಭಾಶಯ ಓದಲಾಗುತ್ತಿರಲಿಲ್ಲ.

ಅಷ್ಟರಲ್ಲಿ ರಾಯರ ಮನೆಯವರು ಹೂ ಬಿಡಿಸಲು ಬಂದವರು ನಮ್ಮ ಮಾತಿಗೆ ಕಿವಿಗೊಟ್ಟು ನಿಂತರು. ಅವರ ಫೋನು ರಾಯರೇ ಅಳೆದು ಸುರಿದು ತಂದುಕೊಟ್ಟದ್ದು (ಮೇಲೆ ಹೇಳಿದ ಯಾವ ಕಂಪನಿಯದೂ ಅಲ್ಲ, ಹೆಸರು ಬೇಡ).

"ನೀವೇ ಹೇಳಿ ಅಣ್ಣ, ಹಾಲಿನವನಿಗೆ ದುಡ್ಡು ಹಾಕೋಣ ಅಂತ ಫೋನ್ ತೆಗೆದ್ರೆ ಮೊದಲು ಸಾಲ ಕೊಡ್ತೀವಿ ಅನ್ನೋ ಜಾಹೀರಾತು ಬರುತ್ತೆ. ಅದನ್ನ ಸರಿಸಿದ್ರೆ ರಮ್ಮಿ ಆಡಿ ಅನ್ನುತ್ತೆ. ಅಷ್ಟರಲ್ಲಿ ಹಾಲಿನವನು ಮುಂದಿನ ಬೀದಿ ಸೇರಿರ್ತಾನೆ. ಹನ್ನೆರಡು ಜಿಬಿ ಇದ್ರೇನು, ಹದಿನಾರು ಇದ್ರೇನು!"

ಮೂವತ್ತು ವರ್ಷ ಸಾಲ ಮಂಜೂರು ಮಾಡಿದವರ ಮನೆಗೇ ಸಾಲದ ಜಾಹೀರಾತು! ನಾನು ನಗು ತಡೆದುಕೊಂಡು ಪೈಪನ್ನು ದಾಸವಾಳದ ಬುಡಕ್ಕೆ ತಿರುಗಿಸಿದೆ.

ರಾಯರಿಗೆ ಒಪ್ಪಿಗೆಯಾಗುವ ಭಾಷೆ ಒಂದೇ, ಲೆಕ್ಕ. "ಹದಿನೈದು ಸಾವಿರದ ಫೋನು ಎರಡು ವರ್ಷಕ್ಕೆ ಸುಸ್ತಾದರೆ ವರ್ಷಕ್ಕೆ ಏಳೂವರೆ ಸಾವಿರ ಬಿತ್ತು ರಾಯರೇ. ಮೂವತ್ತು ಸಾವಿರದ್ದು ಐದು ವರ್ಷ ಬಂದರೆ ಆರು ಸಾವಿರ. ಯಾವುದು ಅಗ್ಗ?" ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್ಸಂಗ್ 2024ರಲ್ಲಿ ಎಸ್24ಕ್ಕೆ ಏಳು ವರ್ಷ ಅಪ್‌ಡೇಟು ಕೊಡುವುದಾಗಿ ಹೇಳಿದವು. ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟು ಸಿಗಬೇಕೆಂಬ ನಿಯಮ ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದಿದೆ. ನನ್ನ ಮಟ್ಟಿಗೆ ಫೋನಿನ ಬೆಲೆಯನ್ನು ಭಾಗಿಸಬೇಕಾದದ್ದು ಜಿಬಿಯಿಂದಲ್ಲ, ವರ್ಷದಿಂದ.

ರಾಯರು ಕ್ಷಣ ಯೋಚಿಸಿ, "ಲೆಕ್ಕ ಸರಿ. ಆದ್ರೆ ಒಂದೇ ಗಂಟಲ್ಲಿ ಮೂವತ್ತು ಸಾವಿರ ಕೈಯಲ್ಲಿರಬೇಕಲ್ಲ ಸ್ವಾಮಿ? ನಮ್ಮ ಮನೆ ಕೆಲಸಕ್ಕೆ ಬರೋಳು ಮಗನ ಓದಿಗೆ ಅಂತ ಒಂಬತ್ತು ಸಾವಿರ ಕೂಡಿಟ್ಟಿದಾಳೆ. ಅವಳಿಗೆ ನಿಮ್ಮ ಐದು ವರ್ಷದ ಪಾಠ ಹೇಳ್ತೀರಾ?" ಎಂದರು.

ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆ ದುಡ್ಡಿನಲ್ಲಿ ರ್‍ಯಾಮು ಎರಡು ಜಿಬಿ ಕಡಿಮೆಯಾದರೆ ಅನುಭವ ಎಂಬುದೇ ಇರುವುದಿಲ್ಲ; ಅಲ್ಲಿ ಅಂಕಿಯೇ ಅನುಭವ. ಆದ್ದರಿಂದ ಹತ್ತು ಸಾವಿರದ ಒಳಗೆ ಕೊಳ್ಳುವವರು ರಾಯರನ್ನು ಕೇಳಿ. ಅದಕ್ಕಿಂತ ಮೇಲೆ ಹೋಗುವವರು, ಅದೇ ಫೋನನ್ನು ವರ್ಷದಿಂದ ಬಳಸುತ್ತಿರುವ ಯಾರಾದರೂ ಸಿಕ್ಕರೆ ಅರ್ಧ ಗಂಟೆ ಕೈಯಲ್ಲಿ ಹಿಡಿದು ನೋಡಿ. ಕಂಪನಿಯ ಸರ್ವಿಸ್ ಸೆಂಟರು ನಿಮ್ಮ ಊರಲ್ಲಿದೆಯೇ ಎಂಬುದನ್ನು ಮಾತ್ರ ಇಬ್ಬರೂ ದುಡ್ಡು ಕೊಡುವ ಮೊದಲೇ ವಿಚಾರಿಸಿಕೊಳ್ಳಿ.