ಕಾಕಾ, ಆಕಿಗೆ ಲೆಕ್ಕಾನ ಓದಿಸ್ರಿ

ನಿನ್ನೆ ಸಂಜೆ ಬೇಲಿಯಾಚೆ ಗೋವಿನಜೋಳದ ತೆನೆ ಸುಲಿಯುತ್ತ ಕೂತಿದ್ದ ಕಾಕಾ ನನ್ನನ್ನು ಕರೆದರು. "ಮೊಮ್ಮಗಳು ಪಿಯುಸಿ ಮುಗಿಸಿ ಲೆಕ್ಕಾನ ಓದತೀನಿ ಅಂತಾಳ. ಲೆಕ್ಕ ಕಲತು ಏನ್ ಮಾಡ್ತಾಳ ಹೇಳವ್ವಾ? ಬಿ.ಎಡ್. ಮಾಡಿ ಮಾಸ್ತರಿಕಿ, ಮತ್ತೇನೈತಿ?"

ಮಾಸ್ತರಿಕೆ ಸಣ್ಣ ಕೆಲಸವಲ್ಲ. ಲೆಕ್ಕವನ್ನು ಹೆದರಿಕೆ ಬಿಡಿಸಿ ಹೇಳಿಕೊಡುವ ಮಾಸ್ತರು ಊರಿಗೊಬ್ಬರಿದ್ದರೆ ಆ ಊರಿನ ಭಾಗ್ಯ. ಆದರೆ ಕಾಕಾನ ಪ್ರಶ್ನೆಗೆ ಉತ್ತರ ಅವರ ಪಾಸ್‌ಬುಕ್ಕಿನಲ್ಲೇ ಇತ್ತು.

"ಬೆಳೆ ವಿಮೆ ರೊಕ್ಕ ಬಂದಿತ್ತಲ್ರೀ, ಅದನ್ನ ಹೆಂಗ ಲೆಕ್ಕ ಹಾಕಿದ್ರು?"

"ಬೆಳೆ ಕಟಾವು ಪ್ರಯೋಗ ಮಾಡಾಕ ಬಂದಿದ್ರಲ್ಲ."

ಮಳೆ ಬೆಳೆ ಹೇಗೆಂದು ದಸರೆಯ ಕಾರಣಿಕದಲ್ಲಿ ಕಿವಿಗೊಟ್ಟು ಕೇಳುತ್ತೇವೆ. ಬೆಳೆ ಎಷ್ಟು ಬಂತೆಂಬುದನ್ನು ಅಳೆದೇ ತಿಳಿಯಬೇಕು. ಪಂಚಾಯಿತಿಯ ಹೊಲಗಳನ್ನೆಲ್ಲ ಅಳೆಯಲು ಯಾರಿಂದಾಗುತ್ತದೆ? ಮುಖ್ಯ ಬೆಳೆಯಾದರೆ ಕನಿಷ್ಠ 4 ಕಡೆ, ಅಳೆದು ಗುರುತು ಹಾಕಿದಷ್ಟು ಜಾಗದ ಪೈರು ಕೊಯ್ದು ತೂಗುತ್ತಾರೆ. ಯಾರ ಹೊಲ ಅನ್ನುವುದನ್ನು ಅಧಿಕಾರಿ ಮುಖ ನೋಡಿ ಆರಿಸುವಂತಿಲ್ಲ. ಚೀಟಿ ಎತ್ತಿದ ಹಾಗೆ ಸರ್ವೆ ನಂಬರು ಬರಬೇಕು. ಸರಾಸರಿ ಇಳುವರಿ ನಿಗದಿಗಿಂತ ಕೆಳಗಿಳಿದರೆ ವಿಮೆ. ನಾಲ್ಕು ಹೊಲದ ತೂಕ ಇಡೀ ಪಂಚಾಯಿತಿಯ ಮಾತಾಡಬೇಕಾದರೆ ಅದರ ಹಿಂದೆ ಗಟ್ಟಿ ಗಣಿತ ಇರಲೇಬೇಕು. 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದ ಮಹಾಲನೋಬಿಸ್ ಬಂಗಾಳದ ಸೆಣಬಿನ ಹೊಲಗಳಲ್ಲಿ ಇಂಥ ಸಮೀಕ್ಷೆಯನ್ನು ಬೆಳೆಸಿದರು.

ಆ ಸಂಸ್ಥೆಗೆ 1941ರಲ್ಲಿ ಸೇರಿದ ಹುಡುಗನೊಬ್ಬ ಹುಟ್ಟಿದ್ದು ಎಲ್ಲಿ ಗೊತ್ತೇ? ಭರತ ಹುಣ್ಣಿಮೆಗೆ ನಾವು ಮೈಲಾರಕ್ಕೆ ಹೋಗುತ್ತೇವಲ್ಲ, ಅದೇ ತಾಲೂಕಿನ ಹಡಗಲಿಯಲ್ಲಿ, 1920ರಲ್ಲಿ. ಸಿ.ಆರ್. ರಾವ್. ತೆಲುಗು ಮನೆತನದವರು, ಗಣಿತದಲ್ಲಿ ಎಂ.ಎ. ಮಾಡಿ ಕೆಲಸ ಹುಡುಕುತ್ತ ಕಲ್ಕತ್ತೆಗೆ ಹೋದವರು. ಕೈಯಲ್ಲಿರುವಷ್ಟು ಮಾಹಿತಿಯಿಂದ ಹಾಕುವ ಅಂದಾಜು ಎಷ್ಟರಮಟ್ಟಿಗೆ ನಿಖರವಾಗಬಲ್ಲದು ಎಂಬುದಕ್ಕೆ 1945ರಲ್ಲಿ ಗೆರೆ ಎಳೆದು ತೋರಿಸಿದರು. ಇವತ್ತಿಗೂ ಜಗತ್ತಿನ ಸಂಖ್ಯಾಶಾಸ್ತ್ರದ ತರಗತಿಗಳಲ್ಲಿ ಅದು ಪಾಠ. ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ 2023ರಲ್ಲಿ ಬಂದಾಗ ಅವರಿಗೆ 102 ವರ್ಷ. ಅದೇ ವರ್ಷದ ಆಗಸ್ಟಿನಲ್ಲಿ ತೀರಿಕೊಂಡರು. ಹೊಳೆ ದಾಟಿದರೆ ಸಿಗುವ ಊರಿನವರು, ನಮ್ಮ ಶಾಲೆಯ ಮಕ್ಕಳಿಗೆ ಅವರ ಹೆಸರೇ ಗೊತ್ತಿಲ್ಲವೆಂದು ನನಗೆ ಸಂಕಟ.

ಗೋಕಾಕ ತಾಲೂಕಿನ ಹಳ್ಳಿಯ ಡಿ.ಸಿ. ಪಾವಟೆಯವರೂ ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಆದವರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿ, ಆಮೇಲೆ ಪಂಜಾಬಿನ ರಾಜ್ಯಪಾಲರು.

"ಅವರೆಲ್ಲ ದೊಡ್ಡವರು, ನಮ್ಮ ಹುಡುಗಿ?" ಅಂದರು ಕಾಕಾ.

ಜಿಲ್ಲೆಗೊಂದು ಸಂಖ್ಯಾಸಂಗ್ರಹಣ ಕಚೇರಿ ಇದೆ. ವಿಮಾ ಕಂಪನಿಗಳಲ್ಲಿ ಕಂತು ನಿಗದಿ ಮಾಡುವ ಆಕ್ಚುರಿಗಳಿದ್ದಾರೆ, ಅದಕ್ಕೆ ಬೇರೆಯೇ ಪರೀಕ್ಷೆಗಳುಂಟು. ಬ್ಯಾಂಕು, ಎಂ.ಸಿ.ಎ., ಕಂಪ್ಯೂಟರ್ ಎಲ್ಲಕ್ಕೂ ಗಣಿತದವರು ಬೇಕು. ಮಹಾಲನೋಬಿಸರ ಅದೇ ಸಂಸ್ಥೆ ಬೆಂಗಳೂರಿನ ಮೈಸೂರು ರಸ್ತೆಯಲ್ಲೂ ಇದೆ. ಪಿಯುಸಿಯಲ್ಲಿ ಗಣಿತ ಓದಿದವರು ಪ್ರವೇಶ ಪರೀಕ್ಷೆ ಗೆದ್ದರೆ ಅಲ್ಲಿ ಬಿ.ಮ್ಯಾಥ್. ಓದಬಹುದು, ಶಿಷ್ಯವೇತನವೂ ಸಿಗುತ್ತದೆ.

"ಆಕಿಗೆ ಆ ಪರೀಕ್ಷೆ ಬರಿಸ್ರಿ ಕಾಕಾ. ಅರ್ಜಿ ನಾನ ತುಂಬಿ ಕೊಡ್ತೀನಿ."