ಸ್ಟೇ ತಂದವನ ಮೀಸೆ

ತೀರ್ಪು ಅನ್ನುವ ಮಾತು ಹುಟ್ಟಿದ್ದೇ 'ತೀರು' ಅನ್ನುವುದರಿಂದ. ವ್ಯಾಜ್ಯ ತೀರಲಿ ಅಂತ ಹಿರಿಯರ ಆಸೆ. ನಮ್ಮೂರಲ್ಲಿ ವ್ಯಾಜ್ಯಕ್ಕಿಂತ ಮೊದಲು ತೀರಿಕೊಳ್ಳುವವರು ಕಕ್ಷಿದಾರರು. ಆಗ ವಕೀಲರು ವಾರಸುದಾರರನ್ನು ದಾಖಲೆಗೆ ತರುತ್ತಾರೆ. ಕೇಸು ಮಾತ್ರ ಚಿರಂಜೀವಿ.

ನಮ್ಮ ದೊಡ್ಡಪ್ಪನಿಗೂ ಪಕ್ಕದ ಹೊಲದವನಿಗೂ ಬದುವಿನ ಜಗಳ. ಶುರುವಿನಲ್ಲೇ ಕೋರ್ಟು 'ಉಭಯತರೂ ಯಥಾಸ್ಥಿತಿ ಕಾಪಾಡಬೇಕು' ಅಂದಿತು. ದೊಡ್ಡಪ್ಪ ಬಸ್‌ಸ್ಟ್ಯಾಂಡಿನಲ್ಲೇ ಮೈಸೂರುಪಾಕು ಹಂಚಿದರು: "ಆರ್ಡರ್ ನಮ್ಮ ಕಡೆ ಆಯ್ತು ಕಣಯ್ಯಾ." ಸಂಜೆಗೆ ಪಕ್ಕದವನ ಮನೆ ಮುಂದೆಯೂ ಪಟಾಕಿ. ಇದ್ದ ಸ್ಥಿತಿ ಯಾವುದು ಅಂತ ಆದೇಶದಲ್ಲಿ ಬರೆದಿರಲಿಲ್ಲ. ಹಾಗಾಗಿ, ಬದು ತನ್ನದೇ ಅನ್ನುವ ಯಥಾಸ್ಥಿತಿಯನ್ನು ಇಬ್ಬರೂ ಒಂದೊಂದು ದೊಣ್ಣೆ ಹಿಡಿದು ಕಾಪಾಡತೊಡಗಿದರು.

ಆಮೇಲೆ ಪಕ್ಕದವನು ಹೈಕೋರ್ಟಿಗೆ ಹೋಗಿ ಸ್ಟೇ ತಂದ, ಜಾತ್ರೆಯಿಂದ ಹೋರಿ ತಂದ ಹಾಗೆ. ಮೀಸೆಯೂ ಒಂದು ಸುತ್ತು ಹೆಚ್ಚಿಗೆ ತಿರುಗಿತು. ಕಾನೂನಿನಲ್ಲಿ ಸ್ಟೇ ಬೇರೆ, ಇಂಜಂಕ್ಷನ್ ಬೇರೆ. ಒಂದು, ಕೆಳಗಿನ ಕೋರ್ಟಿನ ವಿಚಾರಣೆಗೋ ಆದೇಶಕ್ಕೋ ಹಾಕುವ ತಡೆ. ಇನ್ನೊಂದು, ಮನುಷ್ಯನಿಗೇ ಹಾಕುವ ತಡೆ. ಪತ್ರಿಕೆಗಳಲ್ಲಿ ಎರಡಕ್ಕೂ ತಡೆಯಾಜ್ಞೆ ಅನ್ನುತ್ತಾರೆ, ನಮ್ಮೂರಲ್ಲಿ ಎರಡಕ್ಕೂ ಗೆಲುವು ಅನ್ನುತ್ತಾರೆ. ವಿಚಾರಣೆಗೆ ಹಾಕಿದ ಸ್ಟೇಯನ್ನು ಕಾರಣ ಕೊಟ್ಟು ಮುಂದುವರಿಸದಿದ್ದರೆ 6 ತಿಂಗಳಿಗೆ ಅದು ತಾನಾಗಿ ಬೀಳುತ್ತದೆ ಅಂತ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿತ್ತು. ಸ್ಟೇಗೆ ಸಿಕ್ಕಿಬಿದ್ದವರು ಆ ಸುದ್ದಿಯ ಕಟಿಂಗನ್ನು ಜೇಬಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರು. ಹಾಗೆಲ್ಲ ತಾನಾಗಿ ಬೀಳುವುದಿಲ್ಲ ಅಂತ ಐವರು ನ್ಯಾಯಮೂರ್ತಿಗಳ ಪೀಠ 2024ರ ಫೆಬ್ರವರಿ 29ರಂದು ಹೇಳಿತು. ಸ್ಟೇ ಪ್ರಿಯರಿಗೆ ಒಂದೇ ಕೊರಗು: ವಾರ್ಷಿಕೋತ್ಸವ ಮಾಡೋಣವೆಂದರೆ ಆ ತಾರೀಕು ಬರುವುದು ನಾಲ್ಕು ವರ್ಷಕ್ಕೊಮ್ಮೆ.

ಇದು ಬಡವರ ನಿಘಂಟು. ದೊಡ್ಡವರದ್ದು ಇನ್ನೂ ಸೊಗಸು. ಜಾಮೀನು ಅಂದರೆ ಕರೆದಾಗ ಕೋರ್ಟಿಗೆ ಬರುತ್ತೇನೆ ಅಂತ ಬರೆದುಕೊಡುವ ಮುಚ್ಚಳಿಕೆ. ಮುಖಂಡರ ಬಾಯಲ್ಲಿ ಅದೇ 'ಸತ್ಯಕ್ಕೆ ಸಂದ ಜಯ', ಜೈಲಿನ ಬಾಗಿಲಿಗೇ ಜೆಸಿಬಿಯಲ್ಲಿ ಸೇಬಿನ ಹಾರ. ಕೇಸು ಮುಚ್ಚಬಹುದು ಅನ್ನುವ ಬಿ ರಿಪೋರ್ಟ್ ಬರೆಯುವವರು ಪೊಲೀಸರು. ಕೋರ್ಟು ಅದನ್ನು ಒಪ್ಪದೆ ಮತ್ತೆ ತನಿಖೆ ಮಾಡಿ ಅನ್ನಬಹುದು. ಟಿವಿಯವರಿಗೆ ಅಷ್ಟು ಪುರಸೊತ್ತೆಲ್ಲಿ? ಆಗಲೇ 'ಕ್ಲೀನ್ ಚಿಟ್' ಓಡುತ್ತಿರುತ್ತದೆ. ಕ್ಲೀನ್ ಚಿಟ್ ಅನ್ನುವ ಪದಾರ್ಥ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇರಲಿಲ್ಲ, ಅದರ ಜಾಗಕ್ಕೆ 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇಲ್ಲ. ಇನ್ನು ಸಾಕ್ಷಿಗಳೆಲ್ಲ ತಿರುಗಿಬಿದ್ದು ಅನುಮಾನದ ಲಾಭ ಸಿಕ್ಕಿತೆನ್ನಿ. ಬ್ಯಾನರಿಗೆ ಬರುವುದು ಲಾಭ ಮಾತ್ರ, ಅನುಮಾನ ಕೋರ್ಟಿನ ಕಡತದಲ್ಲೇ ಉಳಿಯುತ್ತದೆ.

ಅಂತೂ ದೊಡ್ಡಪ್ಪ ಗೆದ್ದರು. "ಜಡ್ಜ್‌ಮೆಂಟ್ ಆಯ್ತು, ಬದು ಬಂತು" ಅಂದರು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುವುದು ಬೇರೆ. ಜಡ್ಜ್‌ಮೆಂಟ್ ಅಂದರೆ ನ್ಯಾಯಾಧೀಶರು ಕೊಡುವ ಕಾರಣ, ಡಿಕ್ರಿ ಅಂದರೆ ಆ ಕಾರಣದ ಫಲ. ಫಲ ಕೈಗೆ ಬರಬೇಕಾದರೆ ಅಮಲ್ಜಾರಿ ಅರ್ಜಿ ಹಾಕಬೇಕು. ಕೋರ್ಟಿನವರು 'ಇ.ಪಿ.' ಅನ್ನುತ್ತಾರೆ, ನಾನು ಎರಡನೇ ಕೇಸು ಅನ್ನುತ್ತೇನೆ. ಇಂಡಿಯಾದ ಕಕ್ಷಿದಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಅಂತ ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲೇ ಮರುಗಿತ್ತು. ದೊಡ್ಡಪ್ಪ ಮರುಗಲಿಲ್ಲ. ಡಿಕ್ರಿಯ ನಕಲಿಗೆ ಕಟ್ಟು ಹಾಕಿಸಿ, ಮಂಜುನಾಥಸ್ವಾಮಿ ಪಟದ ಪಕ್ಕ ತೂಗುಹಾಕಿ, ದಿನಾ ಹೂ ಮುಡಿಸುತ್ತಿದ್ದಾರೆ. ಅತ್ತ ಬದುವಿನ ಮೇಲೆ ಪಕ್ಕದವನು ನೆಟ್ಟ ತೆಂಗು ಎರಡನೇ ಫಸಲು ಕೊಟ್ಟಿದೆ.

ಸ್ವಾಧೀನದ ಡಿಕ್ರಿ ಅಮಲಿಗೆ ಕಾನೂನು ಕೊಟ್ಟ ಗಡುವು 12 ವರ್ಷ. ನಿನ್ನೆ ಕೂತು ಲೆಕ್ಕ ಹಾಕಿದೆ, ಉಳಿದಿರುವುದು 9 ದಿನ. ದೊಡ್ಡಪ್ಪ, ಕೈಮುಗಿಯುತ್ತೇನೆ, ಆ ಕಟ್ಟು ಬಿಚ್ಚಿ ಕೊಡಿ.